ಅಭ್ಯರ್ಥಿಗಳ ಅಪರಾಧ–ಶಿಕ್ಷೆ ದಫ್ತರ: ಮೂರನೆಯ ಪ್ರಗತಿ ಟಿಪ್ಪಣಿ

ಮೊದಲ ಎರಡು ಟಿಪ್ಪಣಿಗಳನ್ನು ಓದದವರಿಗಾಗಿ ಒಂದು ಮಾತು. ನಿವೃತ್ತಿಯ ನಂತರ ಕೈಗೆ ಕೆಲಸವಿರಲೆಂದು 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಈ ದಫ್ತರವನ್ನು ಆರಂಭಿಸಿದೆ. ದಾವಣಗೆರೆ ಜಿಲ್ಲೆಯ ಏಳು ಮತ್ತು ಚಿತ್ರದುರ್ಗ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಕಣಕ್ಕಿಳಿದವರು ಅಪರಾಧ, ಪೊಲೀಸು, ಜೈಲು, ಶಿಕ್ಷೆಗಳ ಬಗ್ಗೆ ಏನು ಹೇಳುತ್ತಾರೆ, ಅವರ ಮೇಲೆಯೇ ಯಾವ ಪ್ರಕರಣಗಳಿವೆ ಎಂಬುದನ್ನು ಒಂದೇ ಕಡೆ ಬರೆದಿಡುವುದು ಇದರ ಉದ್ದೇಶ. 2024ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗಕ್ಕೆ ಏಪ್ರಿಲ್ 26ರಂದೂ ದಾವಣಗೆರೆಗೆ ಮೇ 7ರಂದೂ ಮತದಾನ ನಡೆದದ್ದರಿಂದ, ನಡುವೆ ಸಿಕ್ಕ ಹನ್ನೊಂದು ದಿನಗಳಲ್ಲಿ ಮೊದಲ ಕ್ಷೇತ್ರದ ಪುಟಗಳನ್ನು ಮುಗಿಸಿ ಎರಡನೆಯದಕ್ಕೆ ಕೈಹಾಕಲು ಅನುಕೂಲವಾಯಿತು.

ಈ ಬಾರಿ ಹೆಚ್ಚಿನ ಸಮಯ ಹೋದದ್ದು ಪ್ರಮಾಣ ಪತ್ರಗಳ ಮರುಲೇಖನಕ್ಕೆ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಐದನೆಯ ಅಂಶದಲ್ಲಿ ಬಾಕಿ ಇರುವ ಪ್ರಕರಣಗಳನ್ನೂ ಆರನೆಯ ಅಂಶದಲ್ಲಿ ಶಿಕ್ಷೆಯಾದ ಪ್ರಕರಣಗಳನ್ನೂ ಅಭ್ಯರ್ಥಿ ಬರೆಯಬೇಕು: ಯಾವ ಠಾಣೆ, ಎಫ್‌ಐಆರ್ ಸಂಖ್ಯೆ ಎಷ್ಟು, ಯಾವ ನ್ಯಾಯಾಲಯ, ಯಾವ ಕಲಂ, ನ್ಯಾಯಾಲಯ ದೋಷಾರೋಪ ಹೊರಿಸಿದೆಯೇ ಇಲ್ಲವೇ. ಮೊದಲ ವರ್ಷ ನಾನು ಇವೆಲ್ಲವನ್ನೂ ಬಿಟ್ಟು ಪ್ರಕರಣಗಳ ಸಂಖ್ಯೆಯನ್ನು ಮಾತ್ರ ಎಣಿಸಿದ್ದೆ. ಅದು ತಪ್ಪು ಎಂಬುದು ನಮ್ಮ ಕಡೆಯ ಪ್ರಮಾಣ ಪತ್ರಗಳನ್ನು ಸಾಲು ಸಾಲಾಗಿ ಓದಿದಾಗ ಗೊತ್ತಾಯಿತು. ನಾಲೆಗೆ ನೀರು ಬಿಡಿ ಎಂದು ಹೆದ್ದಾರಿಯಲ್ಲಿ ಕುಳಿತವನ ಮೇಲೆ ಭಾರತೀಯ ದಂಡ ಸಂಹಿತೆಯ 143 ಮತ್ತು 341ನೇ ಕಲಂಗಳಡಿ ಪ್ರಕರಣ ದಾಖಲಾಗುತ್ತಿತ್ತು. 143ಕ್ಕೆ ಗರಿಷ್ಠ ಆರು ತಿಂಗಳು, 341ಕ್ಕೆ ಒಂದು ತಿಂಗಳು ಶಿಕ್ಷೆ. ಇಂಥ ನಾಲ್ಕು ಪ್ರಕರಣವಿರುವ ರೈತ ಮುಖಂಡನು ಕೊಲೆ ಯತ್ನದ ಒಂದೇ ಪ್ರಕರಣವಿರುವವನಿಗಿಂತ ನಾಲ್ಕು ಪಟ್ಟು ದೊಡ್ಡ ಅಪರಾಧಿಯಂತೆ ನನ್ನ ಪಟ್ಟಿಯಲ್ಲಿ ಕಾಣುತ್ತಿದ್ದನು. ಆದ್ದರಿಂದ ಈಗ ಸಂಖ್ಯೆಯ ಪಕ್ಕದಲ್ಲಿ ಆಯಾ ಕಲಮಿನ ಗರಿಷ್ಠ ಶಿಕ್ಷೆಯನ್ನೂ, ದೋಷಾರೋಪದ ಹಂತವನ್ನೂ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಂಗಳು 358ಕ್ಕೆ ಇಳಿದು, ಉಳಿದವುಗಳ ಸಂಖ್ಯೆಯೂ ಅದಲುಬದಲಾಗಿದೆ. ಆ ದಿನಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ, ಮುಂದಿನ ಚುನಾವಣೆಯ ಪ್ರಮಾಣ ಪತ್ರಗಳಲ್ಲಿ ಎರಡೂ ಕಾಯಿದೆಗಳ ಕಲಂಗಳು ಒಂದೇ ಕೋಷ್ಟಕದಲ್ಲಿ ಬೆರೆತು ಬರಲಿವೆ. ಅದಕ್ಕೆ ಸಿದ್ಧತೆಯಾಗಿ ಪತ್ರಿಕೆಗಳ ಅಪರಾಧ ಸುದ್ದಿಗಳಿಂದ ಕಲಂಗಳನ್ನು ಹೆಕ್ಕಿ ಎಕ್ಸೆಲ್ ಹಾಳೆಗೆ ತುಂಬಿ ನೋಡಿದೆ. ಭಾಷಣವೊಂದರ ಮೇಲಿನ ಪ್ರಕರಣ ನನ್ನ ಹಾಳೆಯಲ್ಲಿ ಕೊಲೆಗಳ ಸಾಲಿನಲ್ಲಿ ಹೋಗಿ ಕುಳಿತಿತ್ತು. ಕಾರಣ ಸರಳ: ದಂಡ ಸಂಹಿತೆಯಲ್ಲಿ 302 ಎಂದರೆ ಕೊಲೆ, ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ನೇ ಕಲಮಿಗೆ ಹೋಗಿದೆ, 302 ಎಂದರೆ ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಆಡಿದ ಮಾತು.

ಶಿರಸ್ತೇದಾರರಾಗಿ ನಿವೃತ್ತರಾಗಿ ಈಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನನ್ನ ಗೆಳೆಯರು ಆ ಹಾಳೆಯನ್ನು ನೋಡಿ ನಕ್ಕರು. “ಮೇಷ್ಟ್ರೇ, ಕಾಯ್ದೆ ಯಾವ್ದು ಅಂತ ಬರೀದೆ ಬರೀ ಕಲಂ ಬರೆದ್ರೆ, ಕೊಲೆ ಮಾಡ್ದೋನೂ ಬಾಯಿ ಹರಿಬಿಟ್ಟೋನೂ ಒಂದೇ ಸಾಲಿಗೆ ಬರ್ತಾರೆ,” ಎಂದರು. ಈಗ ಪ್ರತಿ ಕಲಮಿನ ಹಿಂದೆ ‘ದಂ’ ಅಥವಾ ‘ನ್ಯಾ’ ಎಂಬ ಅಕ್ಷರವನ್ನು ಕಡ್ಡಾಯ ಮಾಡಿದ್ದೇನೆ. ಮುನ್ನೂರಕ್ಕೂ ಹೆಚ್ಚು ಸಾಲುಗಳನ್ನು ಕೈಯಿಂದಲೇ ತಿದ್ದಬೇಕಾಯಿತು.

ಇನ್ನು ಮುಖ್ಯ ವಿಷಯವಾದ ನಿಲುವುಗಳಿಗೆ ಬರುತ್ತೇನೆ. ಪಕ್ಷಗಳ ಪ್ರಣಾಳಿಕೆಗಳಿಂದ ನಿಲುವನ್ನು ಎತ್ತಿ ಬರೆಯುವುದು ಕಷ್ಟವಲ್ಲ. 2023ರಲ್ಲಿ ಕಾಂಗ್ರೆಸ್ಸಿನ ಪ್ರಣಾಳಿಕೆ ಬಜರಂಗದಳ ಮತ್ತು ಪಿಎಫ್‌ಐಗಳನ್ನು ಹೆಸರಿಸಿ, ದ್ವೇಷ ಹರಡುವ ಸಂಘಟನೆಗಳ ಮೇಲೆ ನಿಷೇಧವೂ ಸೇರಿದಂತೆ ಕ್ರಮದ ಮಾತಾಡಿತು. ಬಿಜೆಪಿಯ ಪ್ರಣಾಳಿಕೆ ಧಾರ್ಮಿಕ ಮೂಲಭೂತವಾದ ಮತ್ತು ಭಯೋತ್ಪಾದನೆಯ ವಿರುದ್ಧ ವಿಶೇಷ ದಳದ ಭರವಸೆ ಕೊಟ್ಟಿತು. 2024ರಲ್ಲಿ ಕಾಂಗ್ರೆಸ್ ಜಾಮೀನೇ ನಿಯಮ, ಜೈಲು ಅಪವಾದ ಎಂಬ ತತ್ವವನ್ನು ಕಾಯಿದೆಗೆ ತರುವುದಾಗಿಯೂ, ಮಾನಹಾನಿಯನ್ನು ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ತೆಗೆಯುವುದಾಗಿಯೂ ಬರೆಯಿತು. ಇವು ಪಕ್ಷದ ಮಾತುಗಳು. ಕ್ಷೇತ್ರದ ವೇದಿಕೆಯ ಮೇಲೆ ಅಭ್ಯರ್ಥಿ ಈ ಯಾವ ಸಾಲನ್ನೂ ಎತ್ತಿದ್ದನ್ನು ನಾನು ಕೇಳಿಲ್ಲ.

ಅಲ್ಲಿ ಕೇಳಿಸುವುದು ಬಹುಮಟ್ಟಿಗೆ ಒಂದೇ ಮಾತು: ಇಂಥವರನ್ನು ಗಲ್ಲಿಗೇರಿಸಬೇಕು. ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ಕಟ್ಟೆಯ ಬಳಿ ನಡೆದ ಪ್ರಚಾರ ಸಭೆಯಲ್ಲಿ ಅಭ್ಯರ್ಥಿಯೊಬ್ಬರು, ಮಕ್ಕಳ ಮೇಲೆ ಅತ್ಯಾಚಾರ ಮಾಡಿದವರಿಗೆ ಗಲ್ಲು ಕೊಡಿಸುವ ಕಾನೂನು ತರುತ್ತೇನೆ ಎಂದು ಏರುದನಿಯಲ್ಲಿ ಹೇಳಿ ಚಪ್ಪಾಳೆಗೆ ಕಾದರು. ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ವಿಷಯದಲ್ಲಿ ಆ ಕಾನೂನು 2018ರಿಂದಲೇ ಇದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, “ಸಾಹೇಬ್ರ, ಗಲ್ಲು ಆಮ್ಯಾಲೆ ಹಾಕ್ಸೀರಂತೆ, ಮೊದ್ಲು ಆ ಕಿರಾಣಿ ಅಂಗ್ಡ್ಯಾಗೆ ಎಣ್ಣೆ ಪಾಕೀಟು ಮಾರೋದು ಬಂದ್ ಮಾಡ್ಸಿ,” ಎಂದರು. ಚಪ್ಪಾಳೆ ಬಿದ್ದದ್ದು ಆಗ. ಅಭ್ಯರ್ಥಿಯು ಆಗಲಿ ತಾಯಿ ಎಂದಷ್ಟೇ ಹೇಳಿ ವಾಹನ ಹತ್ತಿದರು.

ಆ ಸಂಜೆಯೇ ದಫ್ತರದ ಮೊದಲ ಕಾಲಂ ಬದಲಾಯಿತು. ‘ನಿಲುವು’ ಎಂಬುದಕ್ಕೆ ಮುಂಚೆ ಈಗ ‘ಇದು ಯಾರ ಕೈಯಲ್ಲಿದೆ’ ಎಂಬ ಕಾಲಂ ಇದೆ. ಅಪರಾಧ ಕಾನೂನು ಕೇಂದ್ರ, ರಾಜ್ಯ ಎರಡೂ ಕಾಯಿದೆ ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯವಾಗಿದ್ದು, ಕೇಂದ್ರದ ಕಾಯಿದೆಗೆ ವಿರುದ್ಧವಾದ ತಿದ್ದುಪಡಿಯನ್ನು ವಿಧಾನಸಭೆ ಅಂಗೀಕರಿಸಿದರೂ ಅದು ನಿಲ್ಲಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಅತ್ಯಾಚಾರಕ್ಕೆ ಕಠಿಣ ಶಿಕ್ಷೆ ಬಯಸಿದ 2019ರ ಆಂಧ್ರದ ದಿಶಾ ಮಸೂದೆಯಾಗಲಿ, 2024ರ ಪಶ್ಚಿಮ ಬಂಗಾಳದ ಅಪರಾಜಿತಾ ಮಸೂದೆಯಾಗಲಿ ಆ ಬಾಗಿಲಿಗೇ ಹೋಗಬೇಕಾಯಿತು. ಗಲ್ಲು ವಿಧಿಸುವುದಂತೂ ನ್ಯಾಯಾಧೀಶರ ಕೆಲಸ, ಅದೂ 1980ರ ಬಚನ್ ಸಿಂಗ್ ತೀರ್ಪಿನಂತೆ ಅಪರೂಪದಲ್ಲಿ ಅಪರೂಪದ ಪ್ರಕರಣದಲ್ಲಿ. ಆದರೆ ಪೊಲೀಸು, ಕಾರಾಗೃಹ, ಕಾನೂನು ಸುವ್ಯವಸ್ಥೆ ಇವು ರಾಜ್ಯ ಪಟ್ಟಿಯಲ್ಲಿವೆ. ಠಾಣೆಯ ಖಾಲಿ ಹುದ್ದೆ, ಸರ್ಕಾರಿ ಅಭಿಯೋಜಕರ ನೇಮಕ, ಅಬಕಾರಿ ದಾಳಿ, ಓ.ಸಿ. ಮಟ್ಕಾ, ರೌಡಿಗಳ ಗಡಿಪಾರು ಇವೆಲ್ಲ ಶಾಸಕನೊಬ್ಬ ಸದನದಲ್ಲಿ ನಿಂತು ಸರ್ಕಾರವನ್ನು ಪ್ರಶ್ನಿಸಬಹುದಾದ ಸಂಗತಿಗಳು. ನಾನು ತುಂಬಿದ ಪುಟಗಳಲ್ಲಿ ಈ ಕಾಲಂಗಳ ಎದುರು ಬಹುತೇಕ ಅಡ್ಡಗೆರೆಯೇ ಇದೆ.

ಮೊಕದ್ದಮೆ ಹಿಂಪಡೆಯುವ ವಿಷಯಕ್ಕೆ ಬೇರೆ ಹಾಳೆಯನ್ನೇ ತೆರೆದಿದ್ದೇನೆ, ಏಕೆಂದರೆ ಇಲ್ಲಿ ಅಧಿಕಾರಸ್ಥರ ನಿಲುವು ಮಾತಿನಲ್ಲಿ ನಿಲ್ಲದೆ ಆದೇಶವಾಗಿ ಹೊರಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದುಪಡಿಸಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ‘ನಮ್ಮವರ’ ಮೇಲಿನ ಕೇಸು ಹಿಂಪಡೆಯಿರಿ ಎಂಬ ಬೇಡಿಕೆ ಇದ್ದೇ ಇರುತ್ತದೆ. ಮುಂದಿನ ಬಾರಿ ಪ್ರತಿ ಅಭ್ಯರ್ಥಿಯನ್ನೂ ಇದರ ಬಗ್ಗೆ ನೇರವಾಗಿ ಕೇಳುವುದಿದೆ.

ಪಕ್ಷಗಳು ಕೊಡುವ ಕಾರಣಗಳ ಸಂಗ್ರಹ ಬೇಸರ ಹುಟ್ಟಿಸುವ ಕೆಲಸ. ಪ್ರಕರಣವಿರುವವರನ್ನೇ ಏಕೆ ಆರಿಸಿದಿರಿ, ಇಲ್ಲದವರು ಏಕೆ ಸಿಗಲಿಲ್ಲ ಎಂದು ಪ್ರಕಟಿಸಬೇಕೆಂದೂ, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಬಾರದೆಂದೂ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಓದಿದ ಉತ್ತರಗಳಲ್ಲಿ ಜನಪ್ರಿಯತೆ, ಸಮಾಜಸೇವೆ, ರಾಜಕೀಯ ಪ್ರೇರಿತ ಪ್ರಕರಣ ಎಂಬ ಮೂರು ಮಾತುಗಳು ಜಾಗ ಬದಲಿಸುತ್ತವೆ, ಅಷ್ಟೇ. ಸದ್ಯಕ್ಕೆ ಆ ಕಡತವನ್ನು ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.

ಈಗ ನಡೆಯುತ್ತಿರುವುದು 2028ರ ವಿಧಾನಸಭಾ ಚುನಾವಣೆಯ ಅಭ್ಯರ್ಥಿಗಳಿಗೆ ಕಳುಹಿಸಬೇಕಾದ ಐದು ಪ್ರಶ್ನೆಗಳ ಕರಡು. ವಿಚಾರಣಾಧೀನ ಕೈದಿಗಳ ಬಗೆಗಿನ ಪ್ರಶ್ನೆ ಸುಲಭವಾಗಿ ಒಪ್ಪಿಗೆಯಾಯಿತು: 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ಇನ್ನೂ ತೀರ್ಪು ಬಾರದವರು. (ಅವರು ಜೈಲಿನಿಂದ ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ, ಇದನ್ನು ಕೇಳಿದವರು ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ.) ಮರಣದಂಡನೆಯ ಪ್ರಶ್ನೆಯಲ್ಲಿ ಮಾತ್ರ ನಾನೂ ಶಿರಸ್ತೇದಾರರೂ ಎರಡು ವಾರ ಜಗ್ಗಾಡಿದೆವು. ಅದಿಲ್ಲದೆ ಅಪರಾಧ–ಶಿಕ್ಷೆಯ ಪ್ರಶ್ನಾವಳಿ ಹೇಗಾದೀತು ಎಂಬುದು ನನ್ನ ವಾದವಾಗಿತ್ತು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರತಿ ಅಪರಾಧದ ಸ್ಥಳಕ್ಕೂ ವಿಧಿವಿಜ್ಞಾನ ತಜ್ಞರು ಹೋಗಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತಿರುವಾಗ, ನಮ್ಮೂರಿನಲ್ಲೇ ಇರುವ ಪ್ರಾದೇಶಿಕ ಪ್ರಯೋಗಾಲಯಕ್ಕೆ ಜನ ಎಷ್ಟು, ವಾಹನ ಎಷ್ಟು ಎಂದು ಕೇಳದವನು ಗಲ್ಲಿನ ಬಗ್ಗೆ ಏನು ಹೇಳಿದರೇನು ಎಂಬುದು ಅವರ ವಾದ. ಕೊನೆಗೆ ಅವರು ನನ್ನ ನಾಲ್ಕನೆಯ ಪ್ರಶ್ನೆಯ ಮೇಲೆ ಕೆಂಪು ಗೀಟು ಎಳೆದು, ಅಂಚಿನಲ್ಲಿ ‘ಲ್ಯಾಬು?’ ಎಂದು ಬರೆದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಈ ವಾರ ಆ ಪ್ರಶ್ನೆಯನ್ನು ಹೊಸದಾಗಿ ಬರೆಯುತ್ತಿದ್ದೇನೆ.