ಲೋಂಡಾ ನಿಲ್ದಾಣದಲ್ಲಿ ಜಾರ್ಜ್ ನೆನಪು

ಬೆಳಗಾವಿ ಕಡೆಯ ರೈಲಿಗಾಗಿ ಲೋಂಡಾ ಜಂಕ್ಷನ್‌ನಲ್ಲಿ ಕುಳಿತಿದ್ದೇನೆ. ಸುತ್ತಿಗೆ ಹೆಗಲಿಗೇರಿಸಿ ಹಳಿಯುದ್ದಕ್ಕೂ ನಡೆದುಹೋದ ಕೆಲಸಗಾರನನ್ನು ಕಂಡು ಅಜ್ಜ ನೆನಪಾದರು. ಇದೇ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದವರು. 1974ರ ಮೇ 8ರಂದು ರೈಲ್ವೆ ಮುಷ್ಕರ ಶುರುವಾದಾಗ ಅವರೂ ಸುತ್ತಿಗೆ ಕೆಳಗಿಟ್ಟರು. ಇಪ್ಪತ್ತು ದಿನ! ಅಜ್ಜಿ ನೆರೆಮನೆಯಿಂದ ಜೋಳ ಕಡ ತಂದು ರೊಟ್ಟಿ ಬಡಿದರಂತೆ.

ಆ ಮುಷ್ಕರಕ್ಕೆ ಕರೆ ಕೊಟ್ಟವರು ಮಂಗಳೂರಿನ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್. ಕೆಲಸ ಹುಡುಕಿಕೊಂಡು ಮುಂಬೈಗೆ ಹೋಗಿ, ಬೀದಿಯಲ್ಲಿ ಮಲಗಿ, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದ ಮನುಷ್ಯ. 1967ರ ಲೋಕಸಭಾ ಚುನಾವಣೆಯಲ್ಲಿ ಮುಂಬೈ ಕಾಂಗ್ರೆಸ್‌ನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನೇ ಸೋಲಿಸಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ದೂರದ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ನಮ್ಮ ಕರ್ನಾಟಕವೋ, 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಅವರನ್ನು ಸೋಲಿಸಿ ಕಳಿಸಿತು. ಅದು ನನಗೆ ಇಂದಿಗೂ ನೋವು.

ರೈಲು ನಿಲ್ಲಿಸಿದವರೇ 1989ರಲ್ಲಿ ರೈಲ್ವೆ ಮಂತ್ರಿಯಾದರು. ಕೊಂಕಣ ರೈಲ್ವೆಗೆ ಚಾಲನೆ ಸಿಕ್ಕಿದ್ದು ಆಗಲೇ. ಆ ಸುದ್ದಿ ರೇಡಿಯೊದಲ್ಲಿ ಬಂದ ದಿನ ಅಜ್ಜ ಓಣಿಗೆಲ್ಲ ಪೇಢೆ ಹಂಚಿದ್ದರು.

ಮುಂದೆ ಜಾರ್ಜ್ ಬಿಜೆಪಿ ಜೊತೆ ಕೈಜೋಡಿಸಿದ್ದನ್ನು ನಾನು ಒಪ್ಪಲಾರೆ. ಸಮಾಜವಾದದ ಮಾತು ಕಲಿಸಿದವರು ಹಾಗೆ ನಡೆದದ್ದು ಮನಸ್ಸಿಗೆ ಚುಚ್ಚುತ್ತದೆ. ಅಜ್ಜನ ಮುಂದೆ ಒಮ್ಮೆ ಇದನ್ನು ಎತ್ತಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಸಂಬಳದ ಬಗ್ಗೆ ಅಷ್ಟು ಗಟ್ಟಿಯಾಗಿ ಬೇರೆ ಯಾರು ಕೂಗಿದ್ದರು, ತಮ್ಮಾ?" ಎಂದು ಕೇಳಿದರು.

ಗಂಟೆ ಬಾರಿಸಿತು. ರೈಲು ಬರುತ್ತಿದೆ.