ಟ್ರ್ಯಾಕ್ಟರ್ ಮೇಲೆ ಕಲಿತದ್ದು, ಹಡಗಿನ ಮೇಲೆ ತೆಗೆದದ್ದು

ಗದಗಿನವನಿಗೆ ಸಮುದ್ರ ಎಲ್ಲಿಂದ ಬರಬೇಕು ಹೇಳಿ. ನಮ್ಮ ಕಡೆ ಹಕ್ಕಿ ಫೋಟೋ ಅಂದ್ರೆ ಮಾಗಡಿ ಕೆರೆ, ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು. ದಂಡೆ ಮೇಲೆ ಟ್ರೈಪಾಡ್ ಹೂಡಿ ಸುಮ್ನೆ ಕೂತರೆ ಗುಂಪು ಗುಂಪಾಗಿ ತಲೆ ಮೇಲೆ ಹಾರುತ್ತವೆ, ಒಂದಲ್ಲ ಒಂದು ಚೆನ್ನಾಗಿ ಬಂದೇ ಬರುತ್ತದೆ. ಅದೇ ಧೈರ್ಯದ ಮೇಲೆ ಕಡಲ ಹಕ್ಕಿಗಳ ಫೋಟೋ ತೆಗೆಯಲು ಕಳೆದ ಅಕ್ಟೋಬರ್‌ನಲ್ಲಿ ಕೊಚ್ಚಿಯಿಂದ ಲಕ್ಷದ್ವೀಪದ ಕವರತ್ತಿಗೆ ಹೋಗುವ ಹಡಗು ಹತ್ತಿದೆ. ಸುಮಾರು 400 ಕಿ.ಮೀ. ದಾರಿ.

ಬೆಳಗ್ಗೆ ಆರಕ್ಕೆ ಎಸಿ ಕ್ಯಾಬಿನ್‌ನಿಂದ ಕ್ಯಾಮೆರಾ ಹಿಡಿದು ಡೆಕ್‌ಗೆ ಓಡಿದೆ. ಹೊರಗಿನ ಬೆಚ್ಚನೆ ಗಾಳಿ ತಾಗಿದ್ದೇ ಲೆನ್ಸ್ ಮೇಲೆ ಪೂರ್ತಿ ಮಂಜು. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಅಷ್ಟರಲ್ಲಿ ಒಂದು ಕಂದು ಬೂಬಿ, ಮೀನು ಹಿಡಿಯುವ ದೊಡ್ಡ ಕಡಲ ಹಕ್ಕಿ, ಆರಾಮಾಗಿ ಪಕ್ಕದಲ್ಲೇ ಹಾರಿ ಹೋಯಿತು. ಮರುದಿನದಿಂದ ಕ್ಯಾಮೆರಾವನ್ನು ಬ್ಯಾಗ್‌ನಿಂದ ತೆಗೆಯದೇ ಒಂದು ಗಂಟೆ ಮೊದಲೇ ಹೊರಗೆ ಇಡತೊಡಗಿದೆ.

ಟ್ರೈಪಾಡ್ ಅಂತೂ ದಂಡ. ಇಂಜಿನ್ ನಡುಕ ಡೆಕ್‌ನಿಂದ ನೇರ ಕ್ಯಾಮೆರಾಕ್ಕೆ ಏರುತ್ತದೆ. ಕಂಬಿಗೆ ಒರಗಿದರೂ ಅದೇ ಕಥೆ. ಲೋಟದಲ್ಲಿ ಚಹಾ ನಡುಗುವುದನ್ನು ನೋಡಿದಾಗ ಅರ್ಥವಾಯಿತು, ಮತ್ತು ಅದೇ ಹೊತ್ತಿಗೆ ನಮ್ಮ ಕಾಕಾನ ಟ್ರ್ಯಾಕ್ಟರ್ ನೆನಪಾಯಿತು.

ಎರಡು ಬೇಸಿಗೆ ಹಿಂದೆ ಕಾಕಾ ಎರಿ ಹೊಲದಲ್ಲಿ ರಂಟೆ ಹೊಡೆಯುವಾಗ ನಾನು ಮಡ್‌ಗಾರ್ಡ್ ಹಿಡಿದು ನಿಂತು, ಹಿಂದೆ ಬರುವ ಬೆಳ್ಳಕ್ಕಿಗಳ ಫೋಟೋ ತೆಗೆಯಲು ಒದ್ದಾಡಿದ್ದೆ. "ಗಟ್ಟಿ ನಿಂತ್ರ ಬೀಳ್ತಿ, ಮೊಣಕಾಲ ಸಡ್ಲ ಬಿಡು" ಅಂತ ಕಾಕಾ ಬೈದಿದ್ದ. ಹಡಗಿನಲ್ಲೂ ಅದನ್ನೇ ಮಾಡಿದೆ. ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಮೊಣಕೈ ಎದೆಗೆ ಒತ್ತಿಕೊಂಡು, ದೂರದ್ದನ್ನು ಹತ್ತಿರ ತೋರಿಸುವ 100-400 ಜೂಮ್ ಲೆನ್ಸ್ ಕೈಯಲ್ಲೇ. ನಡುಕವೆಲ್ಲ ಕಾಲಲ್ಲೇ ಉಳಿಯಿತು.

ಬೆಳಕಿನ ಪಾಠವೂ ಹೊಲದ್ದೇ. ಕಪ್ಪು ಮಣ್ಣು ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತದೆ, ಬೆಳ್ಳಕ್ಕಿ ಸುಣ್ಣದ ಉಂಡೆಯಾಗುತ್ತದೆ, ಒಂದು ಗರಿಯೂ ಕಾಣಲ್ಲ. ಗಾಢ ನೀಲಿ ನೀರಿನ ಮುಂದೆ ಟರ್ನ್ ಎಂಬ ಬಿಳಿ ಕಡಲ ಹಕ್ಕಿ ಹಾರಿದಾಗಲೂ ಹಾಗೇ. ಅದೇ ಹಕ್ಕಿ ಸ್ವಲ್ಪ ಮೇಲೆದ್ದು ಆಕಾಶದ ಮುಂದೆ ಬಂದರೆ ಕಪ್ಪಾಗುತ್ತದೆ. ಹಾಗಾಗಿ ಮ್ಯಾನುಯಲ್, ಅಂದ್ರೆ ಬೆಳಕಿನ ಲೆಕ್ಕ ಕ್ಯಾಮೆರಾಕ್ಕೆ ಬಿಡದೆ ನಾನೇ ಹಾಕುವುದು. ಒಳ್ಳೆ ಬಿಸಿಲಿಗೆ ಶಟರ್ 1/2500, ಅಪರ್ಚರ್ 6.3, ಐಎಸ್‌ಒ 400 ಇಟ್ಟುಬಿಟ್ಟೆ. ಮೋಡ ಬಂದರೆ ಮಾತ್ರ ಮುಟ್ಟುತ್ತಿದ್ದೆ.

ಇನ್ನೊಂದು ಹೋಲಿಕೆ ನೋಡಿ ನಗು ಬಂತು. ನೇಗಿಲು ಎಬ್ಬಿಸಿದ ಹುಳ ಹೆಕ್ಕಲು ಬೆಳ್ಳಕ್ಕಿ ಟ್ರ್ಯಾಕ್ಟರ್ ಬೆನ್ನು ಹತ್ತುತ್ತದೆ ಅಲ್ವಾ, ಹಡಗಿಗೆ ಬೆದರಿ ನೀರಿನಿಂದ ಚಿಮ್ಮುವ ಹಾರುವ ಮೀನಿಗಾಗಿ ಬೂಬಿ ಹಡಗಿನ ಮೂತಿಯ ಹತ್ತಿರ ಸುತ್ತುತ್ತದೆ. ಅಂದ್ರೆ ನಿಲ್ಲಬೇಕಾದದ್ದು ಮುಂದೆ, ಆದಷ್ಟು ಕೆಳಗಿನ ಡೆಕ್‌ನಲ್ಲಿ. ನಾನೋ, ಅರ್ಧ ದಿನ ಹಿಂದೆ ನಿಂತು ನೊರೆ ನೋಡುತ್ತಿದ್ದೆ!

ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ಮಾತ್ರ ಹೊಲದಲ್ಲಿ ಕಲಿಯಲು ಸಿಗದ್ದು. ರೆಕ್ಕೆ ಬಡಿಯುವುದೇ ಅಪರೂಪ. ಗಾಳಿಗೆ ಎದುರಾಗಿ ಏಳುತ್ತದೆ, ಮೇಲೆ ಹೋಗಿ ಓರೆಯಾಗುತ್ತದೆ, ಅಲ್ಲಿಂದ ಜಾರಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಮಾಯ. ನೀರಿಗೆ ಹತ್ತಿರ ಗಾಳಿ ಕಡಿಮೆ, ಮೇಲೆ ಜಾಸ್ತಿ, ಆ ವ್ಯತ್ಯಾಸದ ಮೇಲೇ ಅದರ ಸವಾರಿ. ಮೊದಲ ಇನ್ನೂರು ಫೋಟೋದಲ್ಲಿ ಫೋಕಸ್ ಅಲೆ ಮೇಲೆ, ಹಕ್ಕಿ ಮಸುಕು. ಆಮೇಲೆ ಅದರ ತಾಳ ಸಿಕ್ಕಿತು. ತಗ್ಗಿಗೆ ಇಳಿದಾಗ ಬೆರಳು ತೆಗೆಯುವುದು, ಎದ್ದು ಓರೆಯಾಗುವಾಗ ಒತ್ತುವುದು. ಒಂದು ಚಿತ್ರದಲ್ಲಿ ಕೆಳಗಿನ ರೆಕ್ಕೆಯ ತುದಿ ನೀರಿಗೆ ನಾಲ್ಕು ಬೆರಳಷ್ಟು ಮೇಲಿದೆ, ಅದರ ನೆರಳೂ ಬಿದ್ದಿದೆ.

900 ತೆಗೆದದ್ದರಲ್ಲಿ ಉಳಿದದ್ದು 11. ಊರಿಗೆ ಬಂದು ಕಾಕಾನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಹಕ್ಕಿ ಚಲೋ ಬಂದೈತಿ, ಆದ್ರ ಸಮುದ್ರ ಯಾಕ ಒಂದ ಕಡೆ ವಾಲೇತಿ?" ಅಂದ. ಹಡಗು ತೂಗುವಾಗ ನನಗದು ಗೊತ್ತೇ ಆಗಿರಲಿಲ್ಲ. ಈಗ ಹನ್ನೊಂದನ್ನೂ ಕಂಪ್ಯೂಟರ್‌ನಲ್ಲಿ ನೆಟ್ಟಗೆ ಮಾಡುತ್ತ ಕೂತಿದ್ದೇನೆ.