ಅವರೆಕಾಯಿ, ಅಮ್ಮನ ಹೆಬ್ಬೆರಳು

ಶನಿವಾರ, 11 ಜನವರಿ 2025

ಗಾಂಧಿ ಬಜಾರಿಗೆ ಹೂವು ತರೋಣ ಅಂತ ಹೋದವಳು ಮೂರು ಕೇಜಿ ಅವರೆಕಾಯಿ ಹೊತ್ತುಕೊಂಡು ಬಂದೆ. ಹೂವು ಮರೆತೇ ಹೋಯಿತು.

ಮಾಗಡಿ ಕಡೆಯ ಹೆಂಗಸು ಫುಟ್‌ಪಾತಿನಲ್ಲಿ ರಾಶಿ ಹಾಕಿಕೊಂಡು ಕೂತಿದ್ದಳು. "ಸೊಗಡಿದೆಯಾ?" ಅಂದೆ. ಮಾತೇ ಆಡಲಿಲ್ಲ. ಒಂದು ಕಾಯಿ ಸೀಳಿ ನನ್ನ ಅಂಗೈ ಮೇಲೆ ತಿಕ್ಕಿಬಿಟ್ಟಳು. ಅಂಟಂಟು ಎಣ್ಣೆ, ಆ ವಾಸನೆ! ಈಗಲೂ ಕೀಬೋರ್ಡ್ ಮೇಲೆ ಬೆರಳು ಅಂಟುತ್ತಿದೆ.

"ರಾಗಿ ಮಧ್ಯ ಹಾಕೋ ಅಕ್ಕಡಿ ಸಾಲಿಂದು ಅಕ್ಕಾ. ಇಬ್ಬನಿ ಚೆನ್ನಾಗ್ ಬಿದ್ದೈತೆ ಈ ಸಲ."

ಜೂನ್ ಜುಲೈನಲ್ಲೂ ಸಿಗುತ್ತಲ್ಲ ಅವರೆ, ಅದು? ಅಂತ ಕೆಣಕಿದೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತೆ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಗೆ ಆ ಹಂಗಿಲ್ಲ, ವರ್ಷವಿಡೀ ಬರುತ್ತೆ.

"ಅದನ್ನೂ ಮಾರ್ತೀನಿ. ಮನೇಗ್ ತಕೊಂಡೋಗಲ್ಲ" ಅಂದಳು. ಎಂಥಾ ವ್ಯಾಪಾರಸ್ಥೆ!

ತೂತಿದ್ದ ಕಾಯಿ ಆರಿಸಿ ಎಸೆಯಲು ಹೋದರೆ ಗದರಿದಳು. ಹುಳ ಬಂದಿದೆ ಅಂದ್ರೆ ಔಷಧಿ ಹೊಡೆದಿಲ್ಲ ಅಂತ ಅರ್ಥವಂತೆ. ಇವರಿಗೆ ಈ ವಾದ ಹೇಳಿದರೆ ಊಟ ಬಿಟ್ಟು ಏಳುತ್ತಾರೆ, ಸುಮ್ನಿದ್ದೆ.

ಬಂದ ತಕ್ಷಣ ಕವರಿನಿಂದ ತೆಗೆದು ಪೇಪರ್ ಮೇಲೆ ಹರಡಿದೆ. ಪ್ಲಾಸ್ಟಿಕ್‌ನಲ್ಲೇ ಬಿಟ್ಟರೆ ಬೆವೆತು, ಬೆಳಿಗ್ಗೆಗೆ ಸಿಪ್ಪೆ ಕಪ್ಪಾಗುತ್ತೆ. ಸುಲಿದ ಕಾಳು ಫ್ರಿಜ್‌ನಲ್ಲಿ ಎರಡು ದಿನ ಪರವಾಗಿಲ್ಲ. ನೆನೆಸಿ, ಒತ್ತಿ ಸಿಪ್ಪೆ ತೆಗೆದ ಹಿತಕಿದ ಬೇಳೆ ಮಾತ್ರ ಹೊರಗಿಟ್ಟರೆ ಬೇಗ ಹುಳಿ ವಾಸನೆ.

ಮೈಸೂರಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಹಿತಕಿರೋದನ್ನೇ ತಗೋಬಾರದಿತ್ತಾ?" ಅಂದಳು.

ಅಮ್ಮನಾ ಈ ಮಾತಾಡಿದ್ದು? ಅಂಗಡಿ ಬೇಳೆ ಕಂಡರೆ "ಯಾವ ನೀರಲ್ಲಿ ನೆನೆಸಿದ್ರೋ" ಅಂತ ಮೂಗು ಮುರಿಯೋಳು. ರಾತ್ರಿ ಟಿವಿ ಮುಂದೆ ಕೂತು, ಪರದೆಯಿಂದ ಕಣ್ಣು ತೆಗೆಯದೆ ಪಾತ್ರೆಗಟ್ಟಲೆ ಹಿತಕೋಳು. ಅವಳು ಒತ್ತಿದರೆ ಬೇಳೆ ಟಪ್ ಅಂತ ಹಾರಿ ನೇರ ಬಟ್ಟಲಿಗೆ ಬೀಳುತ್ತಿತ್ತು.

"ಹೆಬ್ಬೆರಳು ಮಾತು ಕೇಳಲ್ಲ ಕಣೆ" ಅಂದಳು. ಆಮೇಲೆ ಪಕ್ಕದ ಮನೆ ನಾಯಿ ಮರಿ ಹಾಕಿದ ಕತೆ.

ಸೋಮವಾರ ಹಬ್ಬಕ್ಕೆ ಹೊರಡಬೇಕು. ಇಲ್ಲೇ ಹಿತಕಿ ಡಬ್ಬಿಗೆ ತುಂಬಿಕೊಂಡು ಹೋದರೆ ಅವಳಿಗೆ ಬೇಜಾರಾಗಬಹುದು. ಕಾಯಿಯನ್ನೇ ಒಯ್ದರೆ ಬೇಡ ಅಂದ್ರೂ ಕೂತ್ಕೋತಾಳೆ. ಡಾಕ್ಟರಿಗೆ ತೋರಿಸಿದ್ರಾ ಅಂತ ಅತ್ತಿಗೆಯನ್ನ ಕೇಳಬೇಕು. ಆದ್ರೆ ಅತ್ತಿಗೆಯನ್ನ ಕೇಳಿದ್ರೆ ಅದು ಅಣ್ಣನ ಕಿವಿಗೆ ಬೇರೆ ಥರ ಹೋಗಿ, ಆಮೇಲೆ ಅಣ್ಣ...